ಎಲ್ಲ ಗುಂಪೂ ಗೆಲ್ಲುವ ಆಟ: ತರಗತಿಯಲ್ಲಿ ಸ್ಪರ್ಧೆ, ಬಹುಮಾನ ನಡೆಸುವ ಬಗೆ

ತರಗತಿಯಲ್ಲಿ ಸ್ಪರ್ಧೆ ಶುರು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಬೋರ್ಡಿನ ಮೇಲೆ ‘ಮಾತಾಡಿದವರು’ ಅಂತ ಲೀಡರ್ ಕೈಲಿ ಹೆಸರು ಬರೆಸುವುದನ್ನು ನಿಲ್ಲಿಸಿ. ನಾವೆಲ್ಲ ಆ ಪಟ್ಟಿ ನೋಡಿಕೊಂಡೇ ಬೆಳೆದವರು. ಮೇಷ್ಟ್ರು ಆಫೀಸಿನ ಕಡೆ ಹೋದ ತಕ್ಷಣ ಲೀಡರ್ ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದ. ಅವನಿಗೆ ಆಗದವರ ಹೆಸರು ಮೊದಲು ಬೀಳುತ್ತಿತ್ತು. ‘ನಾನೇನೋ ಮಾಡ್ದೆ?’ ಅಂತ ಕೇಳಿದರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು. ಮತ್ತೆ ಕೇಳಿದರೆ ಇನ್ನೊಂದು. ಅರ್ಧ ಸೀಬೆಕಾಯಿ ಕೊಟ್ಟವನ ಹೆಸರು ಮಾತ್ರ ಮೇಷ್ಟ್ರು ಬಾಗಿಲಿಗೆ ಬರುವಷ್ಟರಲ್ಲಿ ಅಳಿಸಿಹೋಗಿರುತ್ತಿತ್ತು. ಇದರಿಂದ ಮಕ್ಕಳು ಚೆನ್ನಾಗಿ ಕಲಿತದ್ದು ಒಂದೇ, ಲೀಡರ್ ಜೊತೆ ಹೊಂದಿಕೊಂಡು ಹೋಗುವುದು.

ನಾನು ಶಿರಾ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ಮತ್ತು ಆರನೇ ತರಗತಿಗೆ ಪಾಠ ಮಾಡುತ್ತೇನೆ. ಐದರಲ್ಲಿ 34 ಮಕ್ಕಳಿದ್ದಾರೆ. ಮೂರನೇ ತರಗತಿಯವರೆಗೆ ನಲಿಕಲಿ ಪದ್ಧತಿಯಲ್ಲಿ ಗುಂಪಾಗಿ ಕೂತು, ಎದ್ದು, ಓಡಾಡಿಕೊಂಡು ಕಲಿತವರು. ಅಂಥವರಿಗೆ ಬೆಂಚಿನ ಮೇಲೆ ನಲವತ್ತು ನಿಮಿಷ ಸುಮ್ನೆ ಕೂತಿರು ಅಂದರೆ ಕಷ್ಟವೇ, ಅಲ್ವಾ? ಆದರೆ ಭಿನ್ನರಾಶಿ ಹೇಳಿಕೊಡುವಾಗ ಗಲಾಟೆ ಎದ್ದರೆ ಹಿಂದೆ ಕೂತವರಿಗೆ ಏನೂ ಕೇಳಿಸುವುದಿಲ್ಲ. ಕೋಲು ಹಿಡಿಯುವ ಹಾಗಿಲ್ಲ, ಹಿಡಿಯಲೂಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಬೆಂಚಿನ ಮೇಲೆ ನಿಲ್ಲಿಸಿ ಉಳಿದವರು ನಗುವ ಹಾಗೆ ಮಾಡುವುದೂ ನನ್ನ ಲೆಕ್ಕದಲ್ಲಿ ಕಿರುಕುಳವೇ.

ಹೀಗಿರುವಾಗ ಗುಂಪು ಸ್ಪರ್ಧೆ ಒಳ್ಳೆಯ ದಾರಿ. ಆದರೆ ನಡೆಸುವ ಬಗೆ ತಪ್ಪಿದರೆ ಅದೂ ಕೋಲಿನ ಕೆಲಸವನ್ನೇ ಮಾಡುತ್ತದೆ. ನಾನು ಹಿಡಿದಿರುವ ಸೂತ್ರ ಇಷ್ಟೇ. ಒಂದು ಗುಂಪು ಇನ್ನೊಂದನ್ನು ಸೋಲಿಸಬಾರದು. ನಾವು ಒಂದು ಗೆರೆ, ಅಂದರೆ ಇಷ್ಟು ತಪ್ಪಿನೊಳಗೆ ಇರಬೇಕು ಅನ್ನುವ ಮಿತಿ ಹಾಕಬೇಕು, ಎಲ್ಲ ಗುಂಪೂ ಆ ಗೆರೆಯನ್ನು ಗೆಲ್ಲಬೇಕು. ಒಂದು ದಿನ ಎಲ್ಲರೂ ಗೆಲ್ಲಬಹುದು, ಒಂದು ದಿನ ಯಾರೂ ಗೆಲ್ಲದೆ ಇರಬಹುದು.

ಇದು ನಾನು ಹುಟ್ಟಿಸಿದ್ದಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ನಾಲ್ಕನೇ ತರಗತಿಯ ಮಕ್ಕಳ ಜೊತೆ ಆಡಿಸಿ ನೋಡಿದ ಆಟ. ಬ್ಯಾರಿಶ್, ಸಾಂಡರ್ಸ್, ವುಲ್ಫ್ ಅನ್ನುವ ಮೂವರು ಸಂಶೋಧಕರು 1969ರಲ್ಲಿ ಅದರ ಬಗ್ಗೆ ಬರೆದರು. ಹೆಸರು ‘ಗುಡ್ ಬಿಹೇವಿಯರ್ ಗೇಮ್’. ಆ ತರಗತಿಯಲ್ಲಿ 24 ಮಕ್ಕಳು, ಎರಡು ತಂಡ. ನಿಯಮ ಮುರಿದಾಗ ಆ ತಂಡದ ಹೆಸರಿಗೆ ಬೋರ್ಡಿನ ಮೇಲೆ ಒಂದು ಗೀಟು. ಕಡಿಮೆ ಗೀಟು ಬಿದ್ದ ತಂಡಕ್ಕೆ ಗೆಲುವು. ಎರಡೂ ತಂಡ ಐದು ಗೀಟಿನೊಳಗೆ ಇದ್ದರೆ ಇಬ್ಬರೂ ಗೆದ್ದಂತೆ. ಓದು ಮತ್ತು ಗಣಿತದ ಅವಧಿಯಲ್ಲಿ ಆಡಿಸಿದಾಗ ಗಲಾಟೆ ಚೆನ್ನಾಗಿಯೇ ಇಳಿಯಿತು. ‘ಕಡಿಮೆ ಗೀಟಿನವರಿಗೆ ಗೆಲುವು’ ಅನ್ನುವ ಭಾಗವನ್ನು ನಾನು ಕೈಬಿಟ್ಟಿದ್ದೇನೆ. ಗೆರೆಯ ಭಾಗವನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಮೊದಲು ಸುಮ್ನೆ ಎಣಿಸಿ

‘ಶಿಸ್ತಿನಿಂದ ಇರಿ’ ಅನ್ನುವುದನ್ನು ನಿಯಮ ಅಂತ ಬರೆಯಬೇಡಿ. ಶಿಸ್ತು ಅಂದರೆ ಏನು ಅಂತ ಹತ್ತು ವರ್ಷದ ಮಗುವಿಗೆ ಗೊತ್ತಾಗುವುದು ನಮ್ಮ ಮುಖ ನೋಡಿ ಮಾತ್ರ. ಕಣ್ಣಿಗೆ ಕಾಣುವಂಥದ್ದು, ಎಣಿಸಲು ಬರುವಂಥದ್ದು ಬೇಕು. ನನ್ನ ತರಗತಿಯಲ್ಲಿ ಮೂರೇ ನಿಯಮ. ಉತ್ತರ ಗೊತ್ತಿದ್ದರೆ ಬೆರಳು ಎತ್ತಬೇಕು, ಕೂಗಬಾರದು. ಕೇಳದೆ ಜಾಗ ಬಿಟ್ಟು ಏಳಬಾರದು. ಪಕ್ಕದವರ ಸಾಮಾನು ಕೇಳದೆ ಮುಟ್ಟಬಾರದು. ಮೂರನೆಯದು ನಿಮಗೆ ಚಿಕ್ಕದಾಗಿ ಕಾಣಬಹುದು. ‘ಮಿಸ್, ಇವ್ನು ನನ್ ಮೆಂಡರ್ ಕಿತ್ಕೊಂಡ’ ಅನ್ನುವ ಒಂದು ದೂರಿನಿಂದ ಎಷ್ಟು ಪಾಠ ಅರ್ಧಕ್ಕೆ ನಿಂತಿದೆ ಅನ್ನುವುದು ಪ್ರಾಥಮಿಕ ಶಾಲೆಯವರಿಗೆ ಗೊತ್ತು.

ಆಟ ಶುರು ಮಾಡುವ ಮುಂಚೆ ಎರಡು ಮೂರು ದಿನ, ಈ ನಿಯಮಗಳು ಎಷ್ಟು ಸಲ ಮುರಿಯುತ್ತವೆ ಅಂತ ಯಾರಿಗೂ ಹೇಳದೆ ಎಣಿಸಿ. ಪಾಠದ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಗೀಟು ಹಾಕುತ್ತಾ ಹೋದರೆ ಸಾಕು. ಇದರಿಂದ ಎರಡು ಉಪಯೋಗ. ಒಂದು, ಗೆರೆ ಎಲ್ಲಿ ಇಡಬೇಕು ಅನ್ನುವುದು ತಿಳಿಯುತ್ತದೆ. ಎರಡು, ಗಲಾಟೆ ದಿನವಿಡೀ ಇರುವುದಿಲ್ಲ ಅನ್ನುವುದು ಗೊತ್ತಾಗುತ್ತದೆ. ನನ್ನ ತರಗತಿಯಲ್ಲಿ ಅದು ಏಳುವುದು ಬಿಸಿಯೂಟ ಮುಗಿಸಿ ಬಂದ ಮೊದಲ ಪೀರಿಯಡ್ಡಿನಲ್ಲಿ, ಮತ್ತೆ ನಾನು ಬೋರ್ಡಿನ ಕಡೆ ತಿರುಗಿ ಉದ್ದಕ್ಕೆ ಬರೆಯುವಾಗ. ಎರಡನೆಯದಕ್ಕೆ ಆಟ ಬೇಕಿಲ್ಲ, ನಾನು ಬರೆಯುವುದನ್ನು ಕಡಿಮೆ ಮಾಡಿದರೆ ಆಯಿತು. ಹಾಗಾಗಿ ಆಟ ಊಟದ ನಂತರದ ಪೀರಿಯಡ್ಡಿಗೆ ಮಾತ್ರ.

ಇನ್ನೊಂದು ಮಾತು. ಮಕ್ಕಳು ಗುಂಪಿನಲ್ಲಿ ಕೂತು ಲೆಕ್ಕ ಮಾಡುವಾಗ, ಚಾರ್ಟ್ ಬರೆಯುವಾಗ ಸದ್ದು ಆಗಬೇಕು. ಆಗ ಈ ಆಟ ಬೇಡ. ತಪಾಸಣೆಗೆ ಬಂದವರಿಗೆ ತರಗತಿ ನಿಶ್ಶಬ್ದವಾಗಿ ಕಾಣಲಿ ಅಂತ ಇದನ್ನು ಆಡಿಸುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ.

ಗುಂಪು ಮಾಡುವುದರಲ್ಲೇ ಅರ್ಧ ಕೆಲಸ

ಎರಡು ಲೀಡರ್‌ಗಳನ್ನು ನಿಲ್ಲಿಸಿ ‘ನಿಮಗೆ ಬೇಕಾದವರನ್ನು ಆರಿಸಿಕೊಳ್ಳಿ’ ಅನ್ನಬೇಡಿ. ಕಬಡ್ಡಿಗೆ ಹಾಗೆ ನಡೆಯುತ್ತದೆ, ತರಗತಿಗೆ ನಡೆಯುವುದಿಲ್ಲ. ಕೊನೆಗೆ ಉಳಿಯುವ ಮಗು ಯಾರು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಆ ಮಗುವಿಗೂ ಗೊತ್ತಿರುತ್ತದೆ. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಅಂತ ಮಾಡಲೇಬೇಡಿ. ಹುಡುಗಿಯರು ಗೆಲ್ಲುತ್ತಾರೆ, ಹುಡುಗರು ‘ಮಿಸ್ ಅವರ ಕಡೆ’ ಅನ್ನುತ್ತಾರೆ, ಅಲ್ಲಿಗೆ ಆಟ ಮುಗಿಯಿತು.

ಮೂರನೆಯದು ಇವೆರಡಕ್ಕಿಂತ ಮುಖ್ಯ. ಹಳ್ಳಿಯಲ್ಲಿ ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಒಂದೇ ಕೇರಿಯವರು ಒಟ್ಟಿಗೆ ಕೂರುತ್ತಾರೆ. ಅದರ ಮೇಲೆ ಗುಂಪು ಮಾಡಿಬಿಟ್ಟರೆ ನಾವು ಊರಿನ ಕೇರಿಗಳನ್ನು ಬೋರ್ಡಿನ ಮೇಲೆ ಬರೆದ ಹಾಗೆ. ಆಗ ಗೀಟು ಬೀಳುವುದು ಗುಂಪಿಗಲ್ಲ, ಕೇರಿಗೆ. ಆದ್ದರಿಂದ ನಾನು ಹಾಜರಿ ಪುಸ್ತಕದ ಕ್ರಮದಲ್ಲಿ ಒಂದು, ಎರಡು, ಮೂರು, ನಾಲ್ಕು ಅಂತ ಹಂಚುತ್ತೇನೆ. ಆಮೇಲೆ ಕೈಯಾರೆ ಸ್ವಲ್ಪ ತಿದ್ದುತ್ತೇನೆ. ಜಗಳಗಂಟ ಜೋಡಿಯನ್ನು ಬೇರೆ ಮಾಡುತ್ತೇನೆ, ಓದಲು ಕಷ್ಟಪಡುವವರು ಒಂದೇ ಕಡೆ ಸೇರಿದ್ದರೆ ಬಿಡಿಸುತ್ತೇನೆ, ಹೊಸದಾಗಿ ಸೇರಿದ ಮಗುವಿನ ಜೊತೆ ಮಾತಾಡುವವರು ಒಬ್ಬರಾದರೂ ಇರುವ ಹಾಗೆ ನೋಡುತ್ತೇನೆ. ತಿಂಗಳಿಗೊಮ್ಮೆ ಗುಂಪು ಬದಲು. ಒಂದೇ ಗುಂಪು ವರ್ಷವಿಡೀ ಇದ್ದರೆ ಅದೇ ಒಂದು ಪಕ್ಷವಾಗಿಬಿಡುತ್ತದೆ.

ಹೆಸರು ಮಕ್ಕಳೇ ಇಡಲಿ. ಒಂದೇ ಎಚ್ಚರಿಕೆ, ಕ್ರಿಕೆಟ್ ತಂಡದ ಹೆಸರು ಬೇಡ. ಆರ್‌ಸಿಬಿ ಹೆಸರು ನಮಗೆ ಬೇಕು ಅಂತ ಮೊದಲೂ ಜಗಳ ಇತ್ತು. 2025ರ ಜೂನ್‌ನಲ್ಲಿ ಅವರು ಕಪ್ ಗೆದ್ದ ಮೇಲಂತೂ ನಾಲ್ಕೂ ಗುಂಪಿಗೂ ಅದೇ ಬೇಕು. ನಮ್ಮಲ್ಲಿ ನದಿಗಳ ಹೆಸರು ನಡೆಯುತ್ತಿದೆ. ತುಂಗೆ, ಭದ್ರೆ, ಹೇಮಾವತಿ, ಶರಾವತಿ. ಶಿರಾದಲ್ಲಿ ಕೂತವರಿಗೆ ನದಿಯ ಹೆಸರು ಹೇಳಿಕೊಳ್ಳುವುದೇ ಒಂದು ಖುಷಿ.

ಆಡಿಸುವುದು ಹೀಗೆ

ಮೊದಲ ದಿನ ಪಾಠ ಬೇಡ, ಆಟದ ಪಾಠ ಮಾತ್ರ. ನಿಯಮ ಮುರಿಯುವುದು ಅಂದರೆ ಹೇಗಿರುತ್ತದೆ ಅಂತ ಮಕ್ಕಳ ಕೈಲೇ ಆಡಿಸಿ ತೋರಿಸಿ. ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಸರಿಯಾದದ್ದನ್ನೂ ಆಡಿಸಿ. ‘ಮಿಸ್, ಪೆನ್ಸಿಲ್ ಬಿದ್ರೆ ಎತ್ಕೋಬಹುದಾ?’, ‘ಕೆಮ್ಮು ಬಂದ್ರೆ?’, ‘ಒಂದಕ್ಕೆ ಬಂದ್ರೆ?’ ಅಂತ ಪ್ರಶ್ನೆ ಬರುತ್ತವೆ. ಎಲ್ಲಕ್ಕೂ ಆವತ್ತೇ ಉತ್ತರ ಹೇಳಿಬಿಡಿ. ಒಂದಕ್ಕೆ ಹೋಗಲು ಕೇಳಿದರೆ ಗೀಟು ಇಲ್ಲ, ಯಾವತ್ತೂ ಇಲ್ಲ.

ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಆಡಿಸಬೇಡಿ. ಶುರುವಿಗೆ ಹತ್ತು ನಿಮಿಷವೇ ಸಾಕು. ‘ಈಗ ಆಟ ಶುರು’ ಅಂತ ಹೇಳಿ, ಬೋರ್ಡಿನ ಬಲಮೂಲೆಯಲ್ಲಿ ನಾಲ್ಕು ಹೆಸರು ಬರೆಯಿರಿ. ಪಕ್ಕದಲ್ಲಿ ಗೆರೆಯ ಅಂಕಿ ಬರೆಯಿರಿ. ಎಣಿಸಿದಾಗ ಒಂದೊಂದು ಗುಂಪಿನ ಪಾಲಿಗೆ ಸುಮಾರು ಎಂಟು ಗೀಟು ಬರುತ್ತಿತ್ತು ಅಂದುಕೊಳ್ಳಿ, ಮೊದಲ ವಾರ ಗೆರೆ ಏಳಕ್ಕೆ ಇಡಿ. ಮೊದಲ ದಿನಗಳಲ್ಲಿ ಮಕ್ಕಳು ಗೆಲ್ಲಲೇಬೇಕು. ಗೆದ್ದ ರುಚಿ ಗೊತ್ತಾದ ಮೇಲೆ ಐದಕ್ಕೆ, ಆಮೇಲೆ ಮೂರಕ್ಕೆ ಇಳಿಸಿ. ಸೊನ್ನೆಗೆ ಇಳಿಸಬೇಡಿ. ಮೊದಲ ನಿಮಿಷದಲ್ಲೇ ಒಂದು ಗೀಟು ಬಿದ್ದರೆ ಉಳಿದ ಹತ್ತೊಂಬತ್ತು ನಿಮಿಷ ಆ ಗುಂಪಿಗೆ ಏನೂ ಉಳಿಯುವುದಿಲ್ಲ.

ಗೀಟು ಹಾಕುವಾಗ ದನಿ ಏರಬಾರದು. ‘ಭದ್ರೆಗೆ ಒಂದು, ಬೆರಳು ಎತ್ತದೆ ಉತ್ತರ ಬಂತು’ ಅಂತ ಹೇಳಿ, ಪಾಠ ಮುಂದುವರಿಸಿ. ಮಗುವಿನ ಹೆಸರು ಬೇಡ. ಅತ್ತ ನೋಡುವುದೂ ಬೇಡ. ಯಾರು ಅಂತ ಅವರಿಗೆ ಗೊತ್ತಿರುತ್ತದೆ. ವಾದ ಮಾಡಿದರೆ ಉತ್ತರ ಕೊಡಬೇಡಿ. ‘ಆಟ ಮುಗಿದ ಮೇಲೆ ಕೇಳು’ ಅನ್ನಿ. ಹಾಕಿದ ಗೀಟನ್ನು ಅಳಿಸಬೇಡಿ, ಒಳ್ಳೆಯದಾಗಿ ಇದ್ದರು ಅಂತಲೂ ಅಳಿಸಬೇಡಿ. ಒಮ್ಮೆ ಅಳಿಸಿದರೆ ಮುಂದಿನ ಪೀರಿಯಡ್ಡು ಪೂರ್ತಿ ಚೌಕಾಸಿ.

ಇಲ್ಲಿ ನಮ್ಮದೇ ಒಂದು ದೌರ್ಬಲ್ಯ ಇದೆ. ನಮ್ಮ ಕಣ್ಣು ಯಾವಾಗಲೂ ಆ ಇಬ್ಬರು ಮೂವರ ಕಡೆಗೇ ಹೋಗುತ್ತದೆ. ಮುಂದಿನ ಬೆಂಚಿನ ಜಾಣೆ ಹುಡುಗಿ ಬೆರಳು ಎತ್ತದೆ ಉತ್ತರ ಕೂಗಿದರೆ ‘ಗುಡ್’ ಅನ್ನುತ್ತೇವೆ. ಹಿಂದಿನ ಬೆಂಚಿನವನು ಅದೇ ಉತ್ತರ ಕೂಗಿದರೆ ಗೀಟು ಹಾಕುತ್ತೇವೆ. ಮಕ್ಕಳು ಇದನ್ನು ಅದೇ ದಿನ ಕಂಡುಹಿಡಿಯುತ್ತಾರೆ. ಆಟ ಶುರುವಾದ ಮೇಲೆ ಮೊದಲ ಗೀಟು ಆ ಜಾಣೆಯ ಗುಂಪಿಗೇ ಬಿದ್ದರೆ ತರಗತಿ ಇಡೀ ನಿಮ್ಮನ್ನು ನಂಬುತ್ತದೆ. ಬೇಕೂಂತ ಹಾಕಿ ಅಂತ ಹೇಳುತ್ತಿಲ್ಲ, ಅವಳು ಕೂಗಿದಾಗ ಬಿಡಬೇಡಿ ಅಷ್ಟೇ.

ಬಹುಮಾನ ಏನು ಕೊಡುವುದು?

ಅಂಗಡಿ ಸಾಮಾನು ಬೇಡ. ಲೆಕ್ಕ ಹಾಕಿ ನೋಡಿ. ಐದು ರೂಪಾಯಿಯ ಪೆನ್ಸಿಲ್ ಅಂದರೂ 34 ಮಕ್ಕಳಿಗೆ ವಾರಕ್ಕೆ 170 ರೂಪಾಯಿ. ನಮ್ಮ ಜೇಬಿನಿಂದ ಎಷ್ಟು ವಾರ ನಡೆಯುತ್ತದೆ? ಖರ್ಚು ಹೋಗಲಿ, ಮುಂದಿನ ವಾರ ಪೆನ್ಸಿಲ್ ಸಾಲುವುದಿಲ್ಲ, ಪೆನ್ ಬೇಕು ಅನ್ನುತ್ತಾರೆ. ಚಾಕೊಲೇಟ್ ಕೂಡ ಹಾಗೆಯೇ. ಅದನ್ನು ಹುಟ್ಟುಹಬ್ಬದ ಮಗುವಿಗೇ ಬಿಟ್ಟುಬಿಡಿ.

ಶಾಲೆಯೊಳಗೆ ಕಾಸಿಲ್ಲದ ಬಹುಮಾನ ಬೇಕಾದಷ್ಟು ಬಿದ್ದಿವೆ. ನಮ್ಮ ವರಾಂಡದಲ್ಲಿ ಒಂದು ರೈಲು ಕಂಬಿಯ ತುಂಡು ನೇತುಹಾಕಿದ್ದಾರೆ, ಅದೇ ಗಂಟೆ. ಸಂಜೆಯ ಲಾಂಗ್ ಬೆಲ್ ಹೊಡೆಯುವ ಅವಕಾಶಕ್ಕೆ ನಮ್ಮ ಮಕ್ಕಳು ಏನು ಬೇಕಾದರೂ ಬಿಟ್ಟುಕೊಡುತ್ತಾರೆ. ಊರಿಗೆಲ್ಲ ಕೇಳುವ ಸದ್ದು ತನ್ನ ಕೈಯಿಂದ ಬರುತ್ತದೆ ಅನ್ನುವುದು ಚಿಕ್ಕ ವಿಷಯವಲ್ಲ. ಅದು ಬಿಟ್ಟರೆ ಹಾಜರಿ ಪುಸ್ತಕ ಆಫೀಸಿಗೆ ಒಯ್ಯುವುದು, ಬೆಳಿಗ್ಗೆ ಪ್ರಾರ್ಥನೆಯಲ್ಲಿ ‘ಸಾವಧಾನ್, ವಿಶ್ರಾಮ್’ ಹೇಳುವುದು, ಪೇಪರಿನ ತಲೆಬರಹ ಓದುವುದು, ಬಣ್ಣದ ಸೀಮೆಸುಣ್ಣದಲ್ಲಿ ಶನಿವಾರದ ಬೋರ್ಡಿನ ಮೂಲೆಗೆ ಚಿತ್ರ ಬರೆಯುವುದು. ಶನಿವಾರ ಬೆಳಗಿನ ಶಾಲೆಯಲ್ಲಿ ಬೇಕಾದವರ ಪಕ್ಕ ಕೂರುವುದು. ಮಿಸ್ ಕುರ್ಚಿಯಲ್ಲಿ ಕೂತು ಮಗ್ಗಿ ಹೇಳಿಸುವುದು. ಈ ಕೊನೆಯದಕ್ಕೆ ಬೇಡಿಕೆ ಬಹಳ, ಮತ್ತೆ ಕುರ್ಚಿಯಲ್ಲಿ ಕೂತವರು ನಮಗಿಂತ ಜೋರು.

ಈಗ ಒಂದು ತೊಡಕು. ಗೆದ್ದದ್ದು ಮೂರು ಗುಂಪು, ಗಂಟೆ ಒಂದೇ. ಅದಕ್ಕೆ ನಾನು ಎರಡು ಥರದ ಬಹುಮಾನ ಇಟ್ಟುಕೊಂಡಿದ್ದೇನೆ. ಗೆದ್ದ ಎಲ್ಲರಿಗೂ ಸೇರಿ ಒಂದು, ಚೀಟಿ ಎತ್ತಿ ಒಬ್ಬರಿಗೆ ಒಂದು. ಎಲ್ಲರಿಗೂ ಸಿಗುವುದು ಪೀರಿಯಡ್ಡಿನ ಕೊನೆಯ ಐದು ಹತ್ತು ನಿಮಿಷದ ಆಟ. ಅಂತ್ಯಾಕ್ಷರಿ, ಒಗಟು, ಅಥವಾ ರಾಜ ರಾಣಿ ಕಳ್ಳ ಪೊಲೀಸ್ ಚೀಟಿ ಆಟ. ಗೆಲ್ಲದ ಗುಂಪು ಆ ಹೊತ್ತಿನಲ್ಲಿ ಪಾಠದ ಪ್ರಶ್ನೆಗಳನ್ನು ಬರೆಯುತ್ತದೆ. ಬೈಗುಳ ಇಲ್ಲ, ಭಾಷಣ ಇಲ್ಲ. ಚೀಟಿ ಎತ್ತುವುದು ಗಂಟೆ, ಪ್ರಾರ್ಥನೆಯಂಥ ಕೆಲಸಗಳಿಗೆ. ಗೆದ್ದ ಗುಂಪುಗಳ ಮಕ್ಕಳ ಹೆಸರು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇರುತ್ತವೆ. ಒಮ್ಮೆ ಚೀಟಿ ಬಂದವರು ಉಳಿದವರದ್ದೆಲ್ಲ ಮುಗಿಯುವವರೆಗೆ ಡಬ್ಬಿಯಿಂದ ಹೊರಗೆ. ಹೀಗೆ ಮಾಡಿದರೆ ಯಾವತ್ತೂ ಮುಂದೆ ಬರದ ಮಗುವೂ ಒಂದು ದಿನ ಇಡೀ ಶಾಲೆಯ ಮುಂದೆ ‘ಸಾವಧಾನ್’ ಅನ್ನಲೇಬೇಕಾಗುತ್ತದೆ.

ಚಿಕ್ಕ ಮಕ್ಕಳಿಗೆ ಬಹುಮಾನ ಕೂಡಲೇ ಸಿಗಬೇಕು. ಎರಡನೇ ತರಗತಿಗೆ ‘ಶನಿವಾರ ಕೊಡುತ್ತೇನೆ’ ಅಂದರೆ ಮುಂದಿನ ವರ್ಷ ಅಂದ ಹಾಗೆ. ಏಳನೇ ತರಗತಿಯವರು ವಾರ ಕಾಯಬಲ್ಲರು.

ಎರಡು ವಿಷಯ ಮಾತ್ರ ಬಹುಮಾನವೂ ಆಗಬಾರದು, ಶಿಕ್ಷೆಯೂ ಆಗಬಾರದು. ಒಂದು ಊಟ. ಬಿಸಿಯೂಟ, ಹಾಲು, ಮೊಟ್ಟೆ, ಬಾಳೆಹಣ್ಣು ಇವೆಲ್ಲ ಮಗುವಿನ ಹಕ್ಕು. ನಾವು ಕೊಡುವ ಉಡುಗೊರೆಯಲ್ಲ. ಕ್ಯಾನ್ಸಸ್‌ನಲ್ಲಿ ಗೆದ್ದ ತಂಡ ಊಟದ ಸಾಲಿನಲ್ಲಿ ಮೊದಲು ನಿಲ್ಲುತ್ತಿತ್ತು. ನಾನು ಅದನ್ನೂ ಮಾಡುವುದಿಲ್ಲ, ನಮ್ಮಲ್ಲಿ ಒಂದನೇ ತರಗತಿಯವರು ಮೊದಲು, ಅದೇ ಸರಿ. ಇನ್ನೊಂದು ಪಿ.ಟಿ. ಪೀರಿಯಡ್ಡು. ಕೂರಲಾಗದ ಮಗುವಿಗೆ ಓಡುವುದನ್ನೂ ಕಿತ್ತುಕೊಂಡರೆ ಮಧ್ಯಾಹ್ನ ಅವನು ಏನು ಮಾಡಬೇಕು?

ಆಟ ಕೆಡಿಸುವ ಮಗು

ಇದ್ದೇ ಇರುತ್ತಾನೆ. ‘ನಾನ್ ಆಡಲ್ಲ’ ಅನ್ನುತ್ತಾನೆ, ಬೇಕಂತಲೇ ಎದ್ದು ಎರಡು ಸುತ್ತು ಹಾಕುತ್ತಾನೆ, ಗುಂಪಿಗೆ ಗೀಟಿನ ಮೇಲೆ ಗೀಟು. ಕ್ಯಾನ್ಸಸ್‌ನ ಆ ತರಗತಿಯಲ್ಲೂ ಇಬ್ಬರು ಹೀಗೆಯೇ ಆಡುವುದಿಲ್ಲ ಅಂದರಂತೆ. ಇಬ್ಬರಿಗಾಗಿ ಇಡೀ ತಂಡ ಸೋಲುವುದು ನ್ಯಾಯವಲ್ಲ ಅಂತ ಟೀಚರೂ ಉಳಿದ ಮಕ್ಕಳೂ ಹೇಳಿದರು. ಅವರನ್ನು ತಂಡದಿಂದ ಬಿಡಿಸಿದರು.

ನಾನೂ ಅದನ್ನೇ ಮಾಡುತ್ತೇನೆ. ಅವನೊಬ್ಬನದೇ ಒಂದು ಗುಂಪು, ಅವನಿಗೆ ಅವನದೇ ಗೆರೆ. ಜಾಗ ಬದಲಿಲ್ಲ, ಹಿಂದಕ್ಕೆ ಕಳಿಸುವುದಿಲ್ಲ. ಗೆರೆ ಗೆದ್ದರೆ ಎಲ್ಲರ ಜೊತೆ ಆಟ ಅವನಿಗೂ ಉಂಟು. ಹೆಚ್ಚಿನವರು ಕೆಲವು ದಿನದಲ್ಲಿ ‘ಮಿಸ್, ನಾನೂ ಹೇಮಾವತಿಗೆ ಬರ್ತೀನಿ’ ಅಂತ ಬರುತ್ತಾರೆ. ಬಂದರೆ ಷರತ್ತು ಹಾಕದೆ ಸೇರಿಸಿಕೊಳ್ಳಿ.

ಅಷ್ಟರೊಳಗೆ ಬೇರೆ ಕಾರಣ ಇದೆಯಾ ಅಂತಲೂ ನೋಡಿ. ಸುಮ್ನೆ ಎದ್ದು ಓಡಾಡುತ್ತಾನೆ ಅಂದುಕೊಂಡ ಮಗು ಬೋರ್ಡು ಕಾಣದೆ ಪಕ್ಕದವರ ಪುಸ್ತಕ ನೋಡಲು ಏಳುತ್ತಿರಬಹುದು. ಕಣ್ಣಿನ ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಏನೂ ತಿನ್ನದೆ ಬರುವ ಮಗು ಇರಬಹುದು. ಯಾವ ಗೀಟಿನ ಆಟವೂ ಇವಕ್ಕೆ ಮದ್ದಲ್ಲ.

ಗುಂಪು ಸ್ಪರ್ಧೆಯ ನಿಜವಾದ ಅಪಾಯ ತರಗತಿಯ ಹೊರಗಿದೆ. ‘ನಿನ್ನಿಂದಲೇ ಗೀಟು ಬಿತ್ತು’ ಅಂತ ನೀರಿನ ನಲ್ಲಿ ಹತ್ತಿರ ಒಂದು ಏಟು ಬೀಳುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ನಾವು ಹೊಡೆಯುವುದನ್ನು ಬಿಟ್ಟು ಮಕ್ಕಳ ಕೈಲಿ ಹೊಡೆಸಿದ ಹಾಗಾಯಿತು. ಇದಕ್ಕೆ ನನ್ನ ನಿಯಮ ಕಟ್ಟುನಿಟ್ಟು. ಗೀಟಿನ ವಿಷಯಕ್ಕೆ ಯಾರಾದರೂ ಯಾರನ್ನಾದರೂ ಹೊಡೆದರೆ, ಹಂಗಿಸಿದರೆ, ಆ ವಾರ ಇಡೀ ತರಗತಿಗೆ ಆಟ ಇಲ್ಲ. ಮೊದಲ ದಿನವೇ ಹೇಳಿರುತ್ತೇನೆ. ಎಲ್ಲ ಗುಂಪೂ ಗೆಲ್ಲಬಹುದಾದ ಆಟದಲ್ಲಿ ಈ ಸಿಟ್ಟು ತಾನಾಗೇ ಕಡಿಮೆ ಇರುತ್ತದೆ. ಒಬ್ಬರೇ ಗೆಲ್ಲುವ ಆಟದಲ್ಲಿ ಜಾಸ್ತಿ.

ಪಾಠದ ಸ್ಪರ್ಧೆ

ನಡತೆಯ ಆಟಕ್ಕಿಂತ ಇದು ಕಷ್ಟ, ಯಾಕೆಂದರೆ ಇಲ್ಲಿ ಗೆಲ್ಲುವವರು ಯಾರು ಅಂತ ಜೂನ್ ತಿಂಗಳಲ್ಲೇ ಎಲ್ಲರಿಗೂ ಗೊತ್ತು. ಉಕ್ತಲೇಖನದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆಯುವ ನಾಲ್ವರು ಇದ್ದಾರೆ. ಐದು ತೆಗೆಯುವವನು ಯಾಕೆ ಪ್ರಯತ್ನ ಪಡಬೇಕು?

ಅದಕ್ಕೆ ಅಂಕ ಕೊಡುವ ಬಗೆಯನ್ನೇ ತಿರುಗಿಸಿ. ಮಗುವನ್ನು ಅದರ ಹಿಂದಿನ ವಾರದ ಜೊತೆ ಹೋಲಿಸಿ. ಹೋದ ವಾರ ಹದಿನೈದು ತಪ್ಪು, ಈ ವಾರ ಹನ್ನೊಂದು, ಗುಂಪಿಗೆ ನಾಲ್ಕು ಅಂಕ. ಇಪ್ಪತ್ತೂ ಸರಿ ಬರೆದವರಿಗೆ ಮೇಲೆ ಹೋಗಲು ಜಾಗವಿಲ್ಲ, ಹಾಗಾಗಿ ಅವರಿಗೂ ನೇರವಾಗಿ ನಾಲ್ಕು ಅಂಕ. ತಪ್ಪು ಜಾಸ್ತಿಯಾದರೆ ಸೊನ್ನೆ, ಕಳೆಯುವುದಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ರಾಬರ್ಟ್ ಸ್ಲಾವಿನ್ ಗುಂಪು ಕಲಿಕೆಗೆ ಇಂಥದ್ದೇ ಲೆಕ್ಕ ಇಟ್ಟಿದ್ದರು. ಅವರ ಅಂಕಗಳ ಪಟ್ಟಿ ಬೇರೆ, ತತ್ವ ಇದೇ. ಇದನ್ನು ಶುರು ಮಾಡಿದರೆ ಒಂದು ಮಜಾ ನೋಡುತ್ತೀರಿ. ಗುಂಪಿನ ಜಾಣರು ಊಟದ ಬಿಡುವಿನಲ್ಲಿ ಹಿಂದುಳಿದವನನ್ನು ಹಿಡಿದು ಒತ್ತಕ್ಷರ ಬರೆಸುತ್ತಿರುತ್ತಾರೆ. ಯಾಕೆಂದರೆ ಅಂಕ ಬರುವುದು ಅವನ ಕಡೆಯಿಂದಲೇ.

ಬೇಕಂತಲೇ ಮೊದಲ ವಾರ ತಪ್ಪು ಬರೆಯುವ ಚಾಲಾಕಿಗಳು ಸಿಗುತ್ತಾರೆ. ಒಂದೇ ವಾರ ನೋಡದೆ ಹಿಂದಿನ ಮೂರು ವಾರದ ಸರಾಸರಿ ಇಟ್ಟುಕೊಂಡರೆ ಅದು ನಡೆಯುವುದಿಲ್ಲ. ಸರಾಸರಿ ಲೆಕ್ಕ ಅವರ ಕೈಲೇ ಮಾಡಿಸಿ, ಗಣಿತವೂ ಆಯಿತು.

ಬಾಯಿಪ್ರಶ್ನೆಗೆ ಇನ್ನೊಂದು ಉಪಾಯ. ಪ್ರತಿ ಗುಂಪಿನ ಮಕ್ಕಳಿಗೆ ಒಂದರಿಂದ ಎಂಟರವರೆಗೆ ಅಂಕಿ ಕೊಡಿ. ಒಬ್ಬರು ಜಾಸ್ತಿ ಇರುವ ಗುಂಪಿನಲ್ಲಿ ಇಬ್ಬರಿಗೆ ಎಂಟು. ಪ್ರಶ್ನೆ ಕೇಳಿ, ಗುಂಪಿನೊಳಗೆ ಪಿಸುಮಾತಿನಲ್ಲಿ ಚರ್ಚಿಸಲು ಒಂದು ನಿಮಿಷ ಬಿಡಿ. ಆಮೇಲೆ ‘ಐದು’ ಅಂತ ಕೂಗಿ. ಪ್ರತಿ ಗುಂಪಿನ ಐದನೆಯವರು ಉತ್ತರವನ್ನು ಸ್ಲೇಟಿನ ಮೇಲೆ ಬರೆದು ತೋರಿಸಬೇಕು. ಯಾರ ಅಂಕಿ ಬರುತ್ತದೋ ಗೊತ್ತಿಲ್ಲದ್ದರಿಂದ ಎಲ್ಲರಿಗೂ ಹೇಳಿಕೊಡಲೇಬೇಕು. ಉತ್ತರ ಸರಿ ಇದ್ದ ಎಲ್ಲ ಗುಂಪಿಗೂ ಅಂಕ. ಮೊದಲು ಹೇಳಿದವರಿಗೆ ಮಾತ್ರ ಅಂತ ಮಾಡಿದರೆ ಮತ್ತೆ ಕೂಗಾಟ.

ಯಾವುದಕ್ಕೆ ಅಂಕ ಬೇಡ

ಹಾಜರಿಗೆ ಬೇಡ. ಕಡಲೆಕಾಯಿ ಕೀಳುವ ಕಾಲದಲ್ಲಿ ನಮ್ಮ ಮಕ್ಕಳು ಎರಡು ಮೂರು ದಿನ ಬರುವುದಿಲ್ಲ. ತಮ್ಮನನ್ನು ನೋಡಿಕೊಳ್ಳಲು ಅಕ್ಕ ಮನೆಯಲ್ಲಿ ಉಳಿಯುತ್ತಾಳೆ. ಅದು ಮಗುವಿನ ತೀರ್ಮಾನವಲ್ಲ. ಅಂಕ ಹೋಯಿತು ಅಂತ ಗುಂಪಿನವರು ಅವಳ ಮೇಲೆ ಸಿಟ್ಟು ಮಾಡಿಕೊಂಡರೆ, ನಾಲ್ಕನೇ ದಿನವೂ ಬರಲು ಅವಳಿಗೆ ಮನಸ್ಸಾಗುವುದಿಲ್ಲ. ಹಾಜರಿಗಾಗಿ ಮನೆಗೆ ಹೋಗಿ ಅಪ್ಪ ಅಮ್ಮನ ಹತ್ತಿರ ಮಾತಾಡಬೇಕು. ಸಮವಸ್ತ್ರ, ಶೂ, ಹೊಸ ನೋಟ್‌ಬುಕ್ಕು ಇವಕ್ಕೂ ಇದೇ ಮಾತು. ಮನೆಗೆಲಸಕ್ಕೂ ನಾನು ಅಂಕ ಇಡುವುದಿಲ್ಲ. ಹೇಳಿಕೊಡುವವರು ಇರುವ ಮನೆಯೂ ಇಲ್ಲದ ಮನೆಯೂ ಒಂದೇ ಗೆರೆ ಗೆಲ್ಲಬೇಕು ಅನ್ನುವುದು ಸರಿಯಲ್ಲ.

ಮಕ್ಕಳು ತಾವಾಗೇ ಇಷ್ಟಪಟ್ಟು ಮಾಡುವುದಕ್ಕೂ ಬಹುಮಾನ ಬೇಡ. ಇದರ ಮೇಲೆ ಲೆಪರ್, ಗ್ರೀನ್, ನಿಸ್ಬೆಟ್ ಅನ್ನುವ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಒಂದು ಹೆಸರಾಂತ ಅಧ್ಯಯನ ಇದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬರೆದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ಕೆಲವು ದಿನಗಳ ಮೇಲೆ ಅದೇ ಪೆನ್ನುಗಳನ್ನು ತರಗತಿಯಲ್ಲಿಟ್ಟು ನೋಡಿದರೆ, ಮೊದಲೇ ಆಸೆ ತೋರಿಸಿದ್ದ ಮಕ್ಕಳು ಚಿತ್ರ ಬರೆಯಲು ಕಳೆದ ಹೊತ್ತು ಉಳಿದವರ ಸುಮಾರು ಅರ್ಧ. ಹೇಳದೆ ಕೊಟ್ಟ ಮಕ್ಕಳ ಆಸಕ್ತಿ ಕಡಿಮೆಯಾಗಿರಲಿಲ್ಲ.

ನಮ್ಮ ತರಗತಿಯಲ್ಲಿ ಕಿಟಕಿಗೆ ಹಗ್ಗ ಕಟ್ಟಿ ಕಥೆ ಪುಸ್ತಕ ನೇತುಹಾಕಿದ್ದೇವೆ. ‘ಯಾರು ಜಾಸ್ತಿ ಪುಸ್ತಕ ಓದುತ್ತಾರೋ ಅವರಿಗೆ ಬಹುಮಾನ’ ಅಂತ ಹೇಳಿ ಅಂತ ಸಹೋದ್ಯೋಗಿಗಳು ಸಲಹೆ ಕೊಡುತ್ತಿರುತ್ತಾರೆ. ಹೇಳಿದರೆ ಏನಾಗುತ್ತದೆ ಅಂತ ಊಹಿಸುವುದು ಸುಲಭ. ಎಲ್ಲಕ್ಕಿಂತ ತೆಳ್ಳಗಿನ ಪುಸ್ತಕ ಮೊದಲು ಖಾಲಿ. ಪುಸ್ತಕದ ಹಗ್ಗದ ಹತ್ತಿರ ನಾನು ಯಾವ ಪಟ್ಟಿಯನ್ನೂ ಅಂಟಿಸುವುದಿಲ್ಲ.

ಪ್ರತಿಭಾ ಕಾರಂಜಿ ಸ್ಪರ್ಧೆಯ ಬಗ್ಗೆ ಒಂದೇ ಮಾತು. ಅಲ್ಲಿ ಒಬ್ಬರು ಗೆಲ್ಲಲೇಬೇಕು, ಅದು ಇರಲಿ. ಆದರೆ ಕ್ಲಸ್ಟರಿಗೆ ಹೋಗುವವರನ್ನು ಆರಿಸುವ ಮುಂಚೆ ತರಗತಿಯೊಳಗೆ ಎಲ್ಲ ಮಕ್ಕಳೂ ಒಮ್ಮೆ ಕಂಠಪಾಠ ಹೇಳಲಿ, ಮಣ್ಣಿನ ಬೊಂಬೆ ಮಾಡಲಿ. ಪ್ರತಿವರ್ಷ ಹೋಗುವ ಮುಖಗಳು ಅವೇ ಆಗಿರುವುದು ನಾವು ಬೇರೆಯವರನ್ನು ಕೇಳದೆ ಇರುವುದರಿಂದ.

ಆಟ ಬಿಡಿಸುವುದು

ಇದು ವರ್ಷವಿಡೀ ನಡೆಯುವ ಆಟವಲ್ಲ. ಮೂರು ಗೀಟಿನ ಗೆರೆಯನ್ನು ಎಲ್ಲ ಗುಂಪೂ ಸಲೀಸಾಗಿ ಗೆಲ್ಲುತ್ತಿದ್ದರೆ ದಿನಾ ಆಡಿಸುವುದನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿ. ಆಮೇಲೆ ಯಾವತ್ತು ಅಂತ ಹೇಳದೆ ಆಡಿಸಿ. ನಾನು ಪೀರಿಯಡ್ಡು ಮುಗಿಯುವಾಗ ಟಿಪ್ಪಣಿ ಪುಸ್ತಕದ ಅಂಚು ತೋರಿಸಿ ‘ಇವತ್ತು ನಾನು ಎಣಿಸುತ್ತಿದ್ದೆ, ನಾಲ್ಕೂ ಗುಂಪು ಗೆದ್ದಿವೆ’ ಅನ್ನುತ್ತೇನೆ. ಗೀಟು ಗೆರೆಗಿಂತ ಜಾಸ್ತಿಯಾದ ದಿನ ಏನೂ ಹೇಳುವುದಿಲ್ಲ. ದಸರಾ ರಜೆಯ ನಂತರ ಒಂದು ವಾರ ಮತ್ತೆ ಮೊದಲಿನಿಂದ ಆಡಿಸಬೇಕಾಗುತ್ತದೆ. ರಜೆ ಮುಗಿಸಿ ಬಂದ ಮಕ್ಕಳು ನಿಯಮಗಳನ್ನು ಅಜ್ಜಿ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ.

ನೀವು ರಜೆ ಹಾಕಿದ ದಿನ ಬೇರೆಯವರು ಪೀರಿಯಡ್ ತೆಗೆದುಕೊಂಡರೆ ಅವರ ಕೈಲಿ ಗೀಟು ಹಾಕಿಸಬೇಡಿ. ಆಟ ಗೊತ್ತಿಲ್ಲದವರ ಕೈಯಲ್ಲಿ ಅದು ‘ಮಾತಾಡಿದವರು’ ಪಟ್ಟಿಯಾಗಲು ಅರ್ಧ ಗಂಟೆ ಸಾಕು. ಹಾಗೆಯೇ ಮಾರ್ಚ್ ಮುಗಿದು ಮಕ್ಕಳು ಮುಂದಿನ ತರಗತಿಗೆ ಹೋಗುವಾಗ ಆ ಟೀಚರಿಗೆ ಗೀಟಿನ ಲೆಕ್ಕ, ಅಂಕದ ಪಟ್ಟಿ ಏನನ್ನೂ ದಾಟಿಸಬೇಡಿ. ಯಾರ ಪಕ್ಕ ಯಾರು ಕೂತರೆ ಪಾಠ ನಡೆಯುತ್ತದೆ, ಯಾರಿಗೆ ಬೋರ್ಡು ಕಾಣುವುದಿಲ್ಲ, ಯಾರಿಗೆ ಇನ್ನೂ ಗಂಟೆ ಹೊಡೆಯುವ ಸರದಿ ಬಂದಿಲ್ಲ ಅನ್ನುವ ಮೂರು ವಿಷಯ ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಡಿ.